ಮೇಲಿನ ಮನೆಯ ವಿಡಿಯೋ ಟೇಪುಗಳು

ಅಥವಾ ಆ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದದ್ದು ನನ್ನ ಸ್ವಂತ ಮನೆಯಲ್ಲೇ ಇರಬಹುದು. ಹೀಗೆ ಅಂದುಕೊಂಡಾಗಲೆಲ್ಲ ಅರ್ಧ ಗಂಟೆ ಸಮಾಧಾನ ಸಿಗುತ್ತದೆ, ಆಮೇಲೆ ಅದೂ ಹೋಗುತ್ತದೆ. ನೆನಪಿನಲ್ಲಿ ಉಳಿದಿರುವುದು ಇಷ್ಟೇ: ಬಾಗಿಲ ಹಿಂದಿನ ಬೂದು ಡಬ್ಬಿ, ಅದರ ಮುಚ್ಚಳ, ನನ್ನ ಬಲಗೈಯ ಹೆಬ್ಬೆರಳು, ಟಕ್ ಎಂಬ ಸದ್ದು, ಸದ್ದಿನ ಬೆನ್ನಿಗೇ ಎಸಿ ನಿಂತ ಮೌನ. ಆದರೆ ಮಸ್ಕತ್ತಿನ ಅಲ್ ಖೌದ್‌ನ ನಮ್ಮ ಕಟ್ಟಡದಲ್ಲಿ ಎರಡನೆಯ ಮಹಡಿಯ ನನ್ನ ಮನೆ, ಮೂರನೆಯ ಮಹಡಿಯ ಅವರ ಮನೆ ಎರಡೂ ಒಂದೇ ಅಚ್ಚಿನವು. ಅದೇ ಬಾಗಿಲು, ಅದರ ಹಿಂದೆ ಅದೇ ಎತ್ತರದಲ್ಲಿ ಅದೇ ಡಬ್ಬಿ. ಹೆಬ್ಬೆರಳಿಗೆ ಮಹಡಿ ಗೊತ್ತಾಗುವುದಿಲ್ಲ.

ಮೇಲಿನ ಮನೆಯವರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಗಂಡ ಹೆಂಡತಿ ಇಬ್ಬರೇ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಪೊರ್ಬುಲು ಎಂದೂ ಅವರ ಹೆಂಡತಿಯನ್ನು ಬಾಯಮ್ಮ ಎಂದೂ ಕರೆಯುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ, ನಡುನಡುವೆ ಕನ್ನಡ, ಅದರೊಳಗೆ ಆಫೀಸಿನ ಇಂಗ್ಲಿಷು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂದರೆ ಈಗಾಗಲೇ ಒಂದು ತಿದ್ದುಪಡಿ ಆಗಿಹೋಗಿದೆ.

ಪೊರ್ಬುಲು ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದರು. ಎಂಜಿನಿಯರುಗಳು ಒಂದು ನಕ್ಷೆಯನ್ನು ತಿದ್ದಿದಾಗಲೆಲ್ಲ ಅದಕ್ಕೆ ಹೊಸ ಅಕ್ಷರ ಸೇರುತ್ತದೆ: ರೆವ್ ಎ, ರೆವ್ ಬಿ, ರೆವ್ ಸಿ. ಹೊಸದು ಬಂದ ಕೂಡಲೇ ಹಳೆಯದರ ಮೇಲೆ ‘ಸೂಪರ್ಸೀಡೆಡ್’, ಅಂದರೆ ಇದು ಇನ್ನು ನಡೆಯದು, ಎಂದು ಕೆಂಪು ಮುದ್ರೆ ಒತ್ತಬೇಕು, ಅದು ಸೈಟಿಗೆ ಹೋಗದಂತೆ ನೋಡಿಕೊಳ್ಳಬೇಕು. ಹಳೆ ನಕ್ಷೆ ಹಿಡಿದು ಯಾರಾದರೂ ಕಂಬ ನಿಲ್ಲಿಸಿದರೆ ಅದನ್ನು ಒಡೆಯಬೇಕಾಗುತ್ತದೆ. ಬದುಕೆಲ್ಲ ಇದನ್ನೇ ಮಾಡಿದ ಮನುಷ್ಯ ಮನೆಯ ಒಂದು ಸಣ್ಣ ಕೋಣೆಯಲ್ಲಿ ಇದರ ತದ್ವಿರುದ್ಧ ಕೆಲಸ ಇಟ್ಟುಕೊಂಡಿದ್ದರು. ಒಬ್ಬ ಕರಿಯ ಅಮೆರಿಕನ್ ಹಾಡುಗಾರ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳ ಟಿವಿಯಲ್ಲಿ ಹಾಡಿದ್ದನ್ನೆಲ್ಲ ವಿಡಿಯೋ ಟೇಪುಗಳಲ್ಲಿ ಕೂಡಿಸುತ್ತಿದ್ದರು. ಗೆಳೆಯರಿಂದ, ನೆಂಟರಿಂದ, ಹಡಗಿನಲ್ಲಿ ಕೆಲಸ ಮಾಡುವ ಭಾವನಿಂದ ತರಿಸಿದ ಟೇಪುಗಳು. ಒಂದೇ ಹಾಡನ್ನು ಆತ ಏಳು ಕಡೆ ಹಾಡಿದ್ದರೆ ಅದಕ್ಕೆ ಏಳು ಟೇಪು, ಬೆನ್ನಿನ ಮೇಲೆ ಆಫೀಸಿನ ಅಕ್ಷರದಲ್ಲಿ ರೆವ್ ಎ ಇಂದ ರೆವ್ ಜಿ ತನಕ.

“ಇದ್ರಲ್ಲಿ ಯಾವುದೂ ಸೂಪರ್ಸೀಡೆಡ್ ಅಲ್ಲ ಮಾರಾಯ್ತಿ,” ಎನ್ನುತ್ತಿದ್ದರು. “ಇಲ್ಲಿ ಮಾತ್ರ ನಾನು ಮುದ್ರೆ ಒತ್ತುದಿಲ್ಲ.”

ಸೋಲ್ ಎಂಬ ಆ ಸಂಗೀತ ನನಗೆ ಗೊತ್ತಿರಲಿಲ್ಲ. ಎಂತ ಅದು ಎಂದು ಕೇಳಿದ್ದಕ್ಕೆ, “ಚರ್ಚಲ್ಲಿ ದೇವರಿಗೆ ಹಾಡುವ ಗಂಟಲಲ್ಲೇ ಬಿಟ್ಟುಹೋದ ಹೆಂಗಸಿಗೆ ಹಾಡುದು, ಅಷ್ಟೆ,” ಎಂದರು. ಅವರು ಚರ್ಚಿನ ಗಾಯನ ತಂಡದಲ್ಲಿ ಗಡಸು ಸ್ವರದವರ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಡುಗೆಮನೆಯಿಂದ ಬಾಯಮ್ಮ, “ಇವರು ಚರ್ಚಲ್ಲಿ ಅಷ್ಟು ಬೆವರು ಸುರ್ಸಿ ಹಾಡಿದ್ರೆ ಫಾದರಿಗಾದ್ರೂ ಖುಷಿ ಆಗ್ತಿತ್ತು. ಅಲ್ಲಿ ಬಾಯಿ ತೆರೆಯೂದೇ ಇಲ್ಲ, ಇಲ್ಲಿ ಟಿವಿ ಮುಂದೆ ತಲೆ ಅಲ್ಲಾಡ್ಸೂದು,” ಎಂದರು.

ರೆವ್ ಸಿ ನಾನು ನೋಡಿದ್ದು ಒಂದೇ ಸಲ. ನೋಡಿದ್ದೇನೆ ಎಂದೇ ನಂಬಿಕೊಂಡಿದ್ದೇನೆ. ಹಳದಿ ಕೋಟು, ಬೆವರು ಒರೆಸಲು ಕುತ್ತಿಗೆಯ ಸುತ್ತ ಟವೆಲ್ಲು. ಹಾಡಿನ ನಡುವೆ ವಾದ್ಯಗಳಷ್ಟೇ ನುಡಿಯುವ ಒಂದು ಭಾಗ, ಅದಾದ ಮೇಲೆ ತಾಳದ ನಾಲ್ಕು ಪೆಟ್ಟು ಬಿಟ್ಟು ಅವನು ಎತ್ತಿಕೊಳ್ಳಬೇಕು. ಎರಡೇ ಪೆಟ್ಟಿಗೆ ಎತ್ತಿಬಿಟ್ಟ. ಡ್ರಮ್ಮಿನವನು ತಲೆ ಎತ್ತಿ ನೋಡಿದ. ನೇರ ಪ್ರಸಾರ, ಅಳಿಸಲು ಆಗುವುದಿಲ್ಲ. ಹಾಡುಗಾರ ಆ ಒಂದು ಶಬ್ದವನ್ನೇ ಎಳೆದು ಎಳೆದು, ವಾದ್ಯಗಳು ಬಂದು ಸೇರುವ ತನಕ ಹಿಡಿದು ನಿಂತ. ಸೇರಿದ ಮೇಲೆ ಸಣ್ಣಗೆ, ಕೆಮ್ಮಿದ ಹಾಗೆ, ನಕ್ಕ.

“ತಪ್ಪಿದ ನೋಡು,” ಎಂದು ಪೊರ್ಬುಲು ನನ್ನ ಕಡೆ ತಿರುಗಿದ್ದರು. “ಓಡ್ಲಿಲ್ಲ. ಅಲ್ಲೇ ನಿಂತ. ಉಳಿದ ಆರರಲ್ಲಿ ಎಲ್ಲ ಸರಿ ಉಂಟು. ನನಗೆ ಬೇಕಾದ್ದು ಇದು.”

ಈ ದೃಶ್ಯವನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ, ಟಿವಿಯಲ್ಲಿ ಕಂಡದ್ದೆಷ್ಟು, ಅವರ ಬಾಯಲ್ಲಿ ಕೇಳಿದ್ದೆಷ್ಟು ಎಂದು ಈಗ ಬೇರ್ಪಡಿಸಲಾರೆ. ಡ್ರಮ್ಮಿನವನು ತಲೆ ಎತ್ತಿದ್ದು ನಾನೇ ಸೇರಿಸಿದ್ದೂ ಇರಬಹುದು.

ಬಲಗಿವಿ ಅವರಿಗೆ ಮೊದಲೇ ಹೋಗಿತ್ತು. ಎಡಗಿವಿಯೊಂದೇ ಇದ್ದದ್ದು. ಚರ್ಚಿನಲ್ಲಿ ಸಾಲಿನ ಬಲತುದಿಗೆ ನಿಲ್ಲುತ್ತಿದ್ದದ್ದು ಅದಕ್ಕೇ, ಎಲ್ಲರೂ ಎಡಕ್ಕೆ ಇರಲಿ ಎಂದು.

ಬೇಸಿಗೆಯಲ್ಲಿ ಗಲ್ಫಿನ ಮನೆಗಳು ಬೀಗ ಹಾಕಿಕೊಂಡು ಎರಡು ತಿಂಗಳು ಬೆಂದುಹೋಗುತ್ತವೆ. ಊರಿಗೆ ಲೀವ್ ಹೋಗುವವರು ಫ್ರಿಜ್ ಖಾಲಿ ಮಾಡಿ, ಅದರ ಬಾಗಿಲಿಗೆ ಬಟ್ಟೆ ಸಿಕ್ಕಿಸಿ ತೆರೆದಿಟ್ಟು, ಕೀಲಿಕೈಯನ್ನು ಉಳಿದುಕೊಂಡ ಯಾರದಾದರೂ ಕೈಗೆ ಕೊಡುತ್ತಾರೆ. ಉಳಿದುಕೊಂಡವರು ಎರಡು ದಿನಕ್ಕೊಮ್ಮೆ ಹೋಗಿ ಒಂದು ಗಂಟೆ ಎಸಿ ಹಾಕಬೇಕು, ನಲ್ಲಿ ಬಿಡಬೇಕು, ಶುಕ್ರವಾರ ಕಾರು ಸ್ಟಾರ್ಟ್ ಮಾಡಬೇಕು. ಇದು ನಮ್ಮೊಳಗಿನ ಕೊಡುಕೊಳು. ಆ ಜೂನ್‌ನಲ್ಲಿ ಮೇಲಿನ ಮನೆಯ ಕೀಲಿ ನನ್ನ ಬಳಿ ಇತ್ತು. ಫ್ರಿಜ್ಜಿನ ಮೇಲೆ ಅವರು ಅಂಟಿಸಿದ ಪಟ್ಟಿಯಲ್ಲಿ ಕೊನೆಯ ಸಾಲಿಗೆ ಮಾತ್ರ ಕೆಂಪು ಗೆರೆ: ಟೇಪು ಕೋಣೆಯ ಎಸಿ ಇಪ್ಪತ್ತಾರರಲ್ಲಿ ಯಾವಾಗಲೂ ಓಡುತ್ತಿರಲಿ.

“ಊರಿನ ಮಳೆ, ಇಲ್ಲಿಯ ಸೆಕೆ, ಎರಡಕ್ಕೂ ಟೇಪಿಗೆ ಬೂಷ್ಟು ಬರ್ತದೆ,” ಎಂದಿದ್ದರು. “ಬೂಷ್ಟು ಬಂದದ್ದನ್ನು ಪ್ಲೇಯರಿಗೆ ಹಾಕಿದ್ರೆ ಪ್ಲೇಯರ್ ಖಲಾಸ್. ಮತ್ತೆ ಹಾಕಿದ್ದಕ್ಕೆಲ್ಲ ಹರಡ್ತದೆ.”

ಹೇಳದೆ ಇರಬಾರದು: ನಾನು ಹೆದರುಪುಕ್ಕಲಿ. ಮನೆಗೆ ಬೀಗ ಹಾಕಿ ಕೆಳಗಿಳಿದವಳು ಗ್ಯಾಸ್ ನೋಡಲು ಮತ್ತೆ ಹತ್ತುತ್ತೇನೆ. ಬೀಗ ಎಳೆದು ನೋಡುತ್ತೇನೆ, ಎಳೆದದ್ದು ನೆನಪಿಲ್ಲದೆ ಇನ್ನೊಮ್ಮೆ ಎಳೆಯುತ್ತೇನೆ. ಗಂಡನಿಗೆ ನಿಜ್ವಾದ ಆಸ್ಪತ್ರೆಯಲ್ಲಿ ಕೆಲಸ, ವಾರಕ್ಕೊಮ್ಮೆ ಕಾರಿನಲ್ಲಿ ಬರುತ್ತಾರೆ. ಆ ವರ್ಷ ಈದ್ ರಜೆಗೆ ನಾನೂ ಮಗಳೂ ಒಂಬತ್ತು ದಿನ ನಿಜ್ವಾಕ್ಕೆ ಹೋದೆವು. ಅದರ ಹಿಂದಿನ ವಾರವೇ ಯಾವುದೋ ಮುಚ್ಚಿದ ಮನೆಯಲ್ಲಿ ಎಸಿಯಿಂದ ಬೆಂಕಿ ಹತ್ತಿದ ಸುದ್ದಿ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಓಡಾಡಿತ್ತು. ಹೊರಡುವ ಮಧ್ಯಾಹ್ನ ಮೇಲಿನ ಮನೆಗೆ ಹೋಗಿ ನಲ್ಲಿ ಬಿಟ್ಟೆ. ಕಾರಿನಲ್ಲಿ ಮಗಳು ಹಾರ್ನ್ ಹೊಡೆಯುತ್ತಿದ್ದಳು. ಕೆಳಗೆ ಬಂದು ನಮ್ಮ ಮನೆಯ ಮೇನ್ ಆಫ್ ಮಾಡಿದೆ. ಇದು ಖಂಡಿತ.

ಖಂಡಿತ ಎಂದು ಬರೆದೆ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೀನು ಇತ್ತು. ಒಂಬತ್ತು ದಿನದ ಮೇಲೆ ಬಂದಾಗ ಆ ಮೀನು ಗಟ್ಟಿಯಾಗಿಯೇ ಇತ್ತು, ಅದನ್ನೇ ಸಾರು ಮಾಡಿದೆವು ಎಂದು ಮಗಳು ಹೇಳುತ್ತಾಳೆ. ನನಗೆ ಆ ಸಾರಿನ ನೆನಪಿಲ್ಲ. ಮೀನು ಕೆಟ್ಟಿರಲಿಲ್ಲ ಅಂತಾದರೆ ನಾನು ಎಳೆದದ್ದು ಯಾವ ಮನೆಯ ಸ್ವಿಚ್ಚು?

ವಾಪಸು ಬಂದ ದಿನ ಮೇಲಿನ ಮನೆಗೆ ಹೋದಾಗ ಟೇಪು ಕೋಣೆಯ ಎಸಿ ನಿಂತಿತ್ತು. ಒಳಗೆ ಒದ್ದೆ ಗೋಣಿಯ ವಾಸನೆ. ಪ್ಲೇಯರಿನ ಗಡಿಯಾರ ಹನ್ನೆರಡು ಗಂಟೆ ಎಂದು ಮಿನುಗುತ್ತಿತ್ತು. ಮಿನುಗಬೇಕಾದರೆ ಕರೆಂಟು ಇರಬೇಕಲ್ಲ. ಹಾಗಾದರೆ ಮೇನ್ ಆನ್ ಇತ್ತು, ಯಾವಾಗಲೋ ಕರೆಂಟು ಹೋಗಿ ಬಂದಿತ್ತು, ಎಸಿ ಮಾತ್ರ ತಾನಾಗಿ ಮತ್ತೆ ಶುರುವಾಗಲಿಲ್ಲ. ಅಥವಾ ಬಾಗಿಲು ತೆರೆದ ಕೂಡಲೇ ಡಬ್ಬಿಗೆ ಕೈ ಹಾಕಿ ಮೇಲೆತ್ತಿ, ಆಮೇಲೆ ನಾನು ಆ ಕೋಣೆಗೆ ಹೋದೆ. ಕಟ್ಟಡ ನೋಡಿಕೊಳ್ಳುವ ನಾತೂರನನ್ನು ಕರೆಂಟು ಹೋಗಿತ್ತಾ ಎಂದು ಕೇಳಿದೆ. “ಗಯಾ ಥಾ ಶಾಯದ್, ಮೇಡಂ,” ಎಂದ. ನನ್ನ ಮುಖ ನೋಡಿ, “ಶಾಯದ್ ನಹೀ ಭೀ,” ಎಂದ, ಹೋಗದೆಯೂ ಇರಬಹುದು ಎಂದು. ನನಗೆ ಯಾವ ಉತ್ತರ ಬೇಕು ಎಂದು ಪಾಪ ಅವನಿಗೆ ಗೊತ್ತಾಗಲಿಲ್ಲ.

ಕಪಾಟಿನ ಟೇಪುಗಳಿಗೆ ಏನೂ ಆಗಿರಲಿಲ್ಲ. ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒದ್ದೆ ಹೀರುವ ಹರಳಿನ ಪೊಟ್ಟಣ ಜತೆಗಿಟ್ಟು ಮುಚ್ಚಿದ್ದರು. ಒಂದು ಮಾತ್ರ ಹೊರಗೆ, ಬಚ್ಚಲಮನೆಯ ಗೋಡೆಗೆ ತಾಗಿ, ಚೀಲವಿಲ್ಲದೆ ಇತ್ತು. ಹೊರಡುವ ಬೆಳಿಗ್ಗೆ ಅವರು ನೋಡಿದ್ದು ಅದನ್ನೇ ಇರಬೇಕು. ರೆವ್ ಸಿ. ಅದರ ಸಣ್ಣ ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ, ಸಕ್ಕರೆ ಪುಡಿ ಉದುರಿಸಿದ ಹಾಗೆ.

ಬೂಷ್ಟು ಮೊದಲೇ ಇತ್ತೋ ಏನೋ ಎಂದು ಒಂದು ವಾರ ನನಗೆ ನಾನೇ ವಾದಿಸಿದೆ. ಅಷ್ಟರಲ್ಲಿ ಫೋನು ಬಂತು.

ಬಾಯಮ್ಮ ಮಾಡಿದ್ದು. ತಲೆ ತಿರುಗುತ್ತದೆ ಎಂದು ಮಂಗಳೂರಿನಲ್ಲಿ ತೋರಿಸಿದರಂತೆ, ಸ್ಕ್ಯಾನ್ ಆಯಿತಂತೆ, ಎಡಗಿವಿಯ ಒಳಗೆ ಗಡ್ಡೆ. “ತೆಗೀಲೇ ಬೇಕಂತೆ. ತೆಗೆದ ಮೇಲೆ ಕೇಳ್ತದಾ ಇಲ್ವಾ ಅಂತ ಡಾಕ್ಟ್ರು ಹೇಳುದಿಲ್ಲ. ಕೇಳ್ಬಹುದು ಅಂತಾರೆ, ಮುಖ ಆ ಕಡೆ ತಿರುಗಿಸ್ತಾರೆ.” ಆಪರೇಷನ್‌ಗೆ ನಾಲ್ಕು ದಿನ ಇತ್ತು. ಫೋನು ಪೊರ್ಬುಲು ತೆಗೆದುಕೊಂಡರು.

“ನೋಡು ಮಾರಾಯ್ತಿ, ಒಂದು ಕೆಲಸ ಉಂಟು. ಟೇಪನ್ನು ಲ್ಯಾಪ್‌ಟಾಪಿಗೆ ಇಳಿಸ್ಲಿಕ್ಕೆ ನಿಂಗೆ ತೋರ್ಸಿದ್ದೇನಲ್ಲ? ರೆವ್ ಸಿ ಇಳಿಸಿ ಕಳ್ಸು.”

“ಬೇರೆ ಯಾವುದಾದ್ರೂ…” ಎಂದೆ.

“ಬೇರೆದೆಂತಕ್ಕೆ? ಸಿ ಕಳ್ಸು. ಚಿತ್ರ ಬೇಡ, ಚಿತ್ರ ನಂಗೆ ಬಾಯಿಪಾಠ ಉಂಟು. ಸ್ವರ ಒಂದು ಸಾಕು. ಒಳಗೆ ಹೋಗುವ ಮೊದ್ಲು ಒಂದ್ಸಲ.” ಆಮೇಲೆ ಆಫೀಸಿನ ಕಾಗದದ ಮಾತು ಎತ್ತಿ ನಕ್ಕರು. “ಟ್ರಾನ್ಸ್‌ಮಿಟಲ್ ಬೇಡ, ಸಹಿ ನಂತರ ಹಾಕುವಾ.”

ಆಗಲೇ ಹೇಳಬಹುದಿತ್ತು. ಹೇಳುವ ಮಾತು ಬಾಯಲ್ಲೇ ಇತ್ತು. “ಆಯ್ತು ಪೊರ್ಬುಲೇ,” ಎಂದೆ.

ಮರುದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಅಲ್ ಅಮೇರಾತ್‌ಗೆ ಹೋದೆ. ಹಳೆ ಮದುವೆ ಟೇಪುಗಳನ್ನು ಇಳಿಸಿಕೊಡುವ ಒಬ್ಬ ಮಲಯಾಳಿ ಅಲ್ಲಿ ಅಂಗಡಿ ಇಟ್ಟಿದ್ದಾನೆಂದು ಯಾರೋ ಹೇಳಿದ್ದರು. ಅವನು ಟೇಪನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ. “ಹದಿನೈದು ದಿನ ಬೇಕು, ಕೈಯಲ್ಲೇ ಒರೆಸಬೇಕು. ಬರುತ್ತದೆ ಎಂದು ಹೇಳಲಾರೆ,” ಎಂದು ಹಿಂದಿಯಲ್ಲಿ ಹೇಳಿದ. ಮೂರು ದಿನ ಮಾತ್ರ ಇದೆ ಎಂದೆ. “ಹಾಗಾದರೆ ಚಲಾಯಿಸಲೇಬೇಡಿ,” ಎಂದು ಟೇಪನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ.

ಮಗಳು ನೆಟ್ಟಿನಲ್ಲಿ ಹುಡುಕಿದಳು. ಆ ಹಾಡುಗಾರ ಅಲ್ಲಿ ಬೇಕಾದಷ್ಟಿದ್ದ, ಇದೇ ಹಾಡೂ ಇತ್ತು, ಎರಡು ಪೆಟ್ಟಿಗೆ ಎತ್ತಿಕೊಂಡದ್ದು ಮಾತ್ರ ಇರಲಿಲ್ಲ. ಯಾವುದೋ ಊರಿನ ಸಣ್ಣ ಟಿವಿ ಸ್ಟೇಷನ್ನಿನದಂತೆ ಅದು. ಅವಳಿಗೆ ಆಗ ಹದಿನಾರು. “ಜಸ್ಟ್ ಟೆಲ್ ಹಿಮ್, ಅಮ್ಮಾ,” ಎಂದಳು.

“ಆಪರೇಷನ್ ಇರುವವರಿಗೆ ಹೇಗೆ ಹೇಳೂದು?”

“ದೆನ್ ಆಫ್ಟರ್.”

“ಆಮೇಲೆ ಕೇಳದಿದ್ರೆ?”

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಇನ್ನೊಂದು ಟೇಪಿನ ಹಾಡಿನಿಂದ ತಾನು ಎರಡು ಪೆಟ್ಟು ಕತ್ತರಿಸಬಲ್ಲೆ ಎಂದಳು.

ಇದು ಅವಳ ಯೋಚನೆಯೋ ನನ್ನದೋ ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ. ನಾನೇ ಕೇಳಿಕೊಂಡೆ ಎನ್ನುತ್ತಾಳೆ. ರೆವ್ ಡಿ ಅದೇ ವರ್ಷದ್ದು, ಅದೇ ವಾದ್ಯದವರು, ಚೀಲದೊಳಗೆ ಚೆನ್ನಾಗಿತ್ತು. ಪೊರ್ಬುಲು ಕೂರುವ ಕುರ್ಚಿಯಲ್ಲಿ ಕೂತು ಅದನ್ನು ಇಳಿಸಿದೆ. ಸಂಜೆ ನಾಲ್ಕರ ಬಿಸಿಲು ಪರದೆಯ ಅಂಚಿನಿಂದ ಬಂದು ಟಿವಿಯ ಮೇಲೆ ಬಿದ್ದಿತ್ತು, ಹಾಡುಗಾರ ಆ ಗೆರೆಯೊಳಗೆ ಬಂದು ಹೋಗಿ ಮಾಡುತ್ತಿದ್ದ. ಸರಿಯಾಗಿ ನಾಲ್ಕು ಪೆಟ್ಟಿಗೆ ಎತ್ತಿಕೊಂಡ. ಅಷ್ಟು ಸರಿಯಾಗಿ ಹಾಡುತ್ತಾನಲ್ಲ ಎಂದು ಸಿಟ್ಟು ಬಂತು.

ಮಗಳು ಎರಡು ಪೆಟ್ಟು ತೆಗೆದಳು, ಎತ್ತಿಕೊಂಡ ಶಬ್ದವನ್ನು ಹಿಂದೆ ಮುಂದೆ ಅಂಟಿಸಿ ಸ್ವಲ್ಪ ಉದ್ದ ಮಾಡಿದಳು. ಕೇಳಿದರೆ ಕತ್ತಲಲ್ಲಿ ಇಳಿಯುವಾಗ ಒಂದು ಮೆಟ್ಟಿಲು ಇಲ್ಲದಂತಾಗುತ್ತಿತ್ತು. ಆಮೇಲಿನ ಆ ಸಣ್ಣ ನಗು ಇರಲಿಲ್ಲ. ಅದನ್ನು ಎಲ್ಲಿಂದ ತರುವುದು? ಒಬ್ಬ ಮನುಷ್ಯ ಎಲ್ಲರೆದುರು ತಪ್ಪಿದ್ದನ್ನು ನನ್ನ ನಿರ್ಲಕ್ಷ್ಯದಿಂದ ಹಾಳುಮಾಡಿ, ಈಗ ಅವನು ತಪ್ಪದೆ ಹಾಡಿದ್ದರೊಳಗೆ ನಮ್ಮ ಕೈಯಾರೆ ತಪ್ಪು ಕೂರಿಸುತ್ತಿದ್ದೆವು. ಕಡತಕ್ಕೆ ‘ರೆವ್ ಸಿ’ ಎಂದು ಹೆಸರಿಟ್ಟು ಕಳಿಸಿದೆ. ಬೆರಳು ನಡುಗಿತು ಎಂದು ಬರೆಯಲು ಮನಸ್ಸಾಗುತ್ತದೆ, ನಡುಗಲಿಲ್ಲ. ಬೇಗ ಮುಗಿದರೆ ಸಾಕಾಗಿತ್ತು.

ಎರಡು ದಿನ ಸುದ್ದಿ ಇಲ್ಲ. ಕೆಲಸದಲ್ಲಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ, ಮತ್ತೆ ಮಗುಚಿದೆ. ಅವರಿಗೆ ತಿಳಿದಿರುತ್ತದೆ, ಖಂಡಿತ ತಿಳಿದಿರುತ್ತದೆ, ತಪ್ಪು ನಕ್ಷೆಯನ್ನು ದೂರದಿಂದಲೇ ಹಿಡಿಯುವ ಮನುಷ್ಯ ಅವರು. ತಿಳಿದೇ ಒಳಗೆ ಹೋಗುತ್ತಾರೆ. ಕೊನೆಗೆ ಕೇಳಿದ್ದು ಇದು ಎಂದಾಗುತ್ತದೆ. ಆಪರೇಷನ್ನಿನ ಬೆಳಿಗ್ಗೆ ಬಾಯಮ್ಮನ ಧ್ವನಿಸಂದೇಶ ಬಂತು. ಹಿಂದೆ ಆಸ್ಪತ್ರೆಯ ಟ್ರಾಲಿಯ ಚಕ್ರದ ಸದ್ದು.

“ನೀವು ಕಳ್ಸಿದ್ದು ಸಿಕ್ಕಿತು. ಕಿವಿ ಹತ್ರ ಹಿಡ್ದೆ. ಎರಡು ಸಲ ಕೇಳಿದ್ರು. ಮಧ್ಯೆ ಒಂದು ಕಡೆ ನಗಾಡಿದ್ರು. ಎಂತದ್ದು ಅಂತ ಕೇಳಿದ್ರೆ ಹೇಳ್ಲಿಲ್ಲ. ಅವಳಿಗೆ ಥ್ಯಾಂಕ್ಸ್ ಹೇಳು ಅಂದ್ರು. ಈಗ ಒಳಗೆ ಕರ್ಕೊಂಡು ಹೋದ್ರು.”

ಗಡ್ಡೆ ತೆಗೆದರು. ಕಿವಿ ಉಳಿಯಲಿಲ್ಲ.

ಅವರು ಮಸ್ಕತ್ತಿಗೆ ಮರಳಿದ್ದು ಕೆಲಸ ಬಿಟ್ಟು ವೀಸಾ ಕ್ಯಾನ್ಸಲ್ ಮಾಡಿಸಲು, ಮನೆ ಖಾಲಿ ಮಾಡಲು. ಆ ಹೊತ್ತಿಗೆ ನಾನು ರೆವ್ ಸಿಯನ್ನು ಚೀಲಕ್ಕೆ ಹಾಕಿ, ಹೊಸ ಪೊಟ್ಟಣ ಇಟ್ಟು, ಕಪಾಟಿನಲ್ಲಿ ಬಿ ಮತ್ತು ಡಿ ನಡುವೆ ನಿಲ್ಲಿಸಿದ್ದೆ. ಬೂಷ್ಟಿನ ಮೇಲೆ ಬಾಗಿಲು ಮುಚ್ಚಿದ ಹಾಗೆ. ಅವರೊಡನೆ ಮಾತಾಡಬೇಕಾದರೆ ಫೋನಿನಲ್ಲಿ ಬರೆದು ತೋರಿಸಬೇಕಿತ್ತು. ಅವರು ಮಾತ್ರ ಬಾಯಲ್ಲೇ ಉತ್ತರ ಕೊಡುತ್ತಿದ್ದರು, ಸ್ವಲ್ಪ ಹೆಚ್ಚೇ ದೊಡ್ಡ ಸ್ವರದಲ್ಲಿ. ಬಾಯಮ್ಮ ಕೈಯಲ್ಲೇ ಸನ್ನೆ ಮಾಡಿ ಕಮ್ಮಿ ಮಾಡಿಸುತ್ತಿದ್ದರು. “ಈಗ ಚರ್ಚಲ್ಲಿ ಬಾಯಿ ತೆರೀತಾರೆ ನೋಡಿ,” ಎಂದು ನನ್ನ ಹತ್ತಿರ ಹೇಳಿ, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟರು. ಬಹಳ ಹೊತ್ತು ನೀರು ಬೀಳುತ್ತಿತ್ತು.

ನಾನು ಫೋನಿನಲ್ಲಿ ಬರೆದೆ: ರೆವ್ ಸಿ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ಅವರ ಕಡೆ ತಿರುಗಿಸುವ ಮೊದಲು ಅಳಿಸಿದೆ. ಬರೆದದ್ದು ದಾಖಲೆಯಾಗುತ್ತದೆ. ದಾಖಲೆಯ ಮನುಷ್ಯನ ಮುಂದೆ ಎಂತದ್ದು ಬರೆಯುವುದು? ಸ್ವಿಚ್ ಎಳೆದೆ ಎಂದೋ, ಎಳೆದಿರಬಹುದು ಎಂದೋ?

“ಇದೆಲ್ಲ ನೀನು ಇಟ್ಕೋ,” ಎಂದು ಪೊರ್ಬುಲು ಕಪಾಟು ತೋರಿಸಿದರು. ನಾನು ಬೇಡವೆಂದು ಕೈ ಅಲ್ಲಾಡಿಸಿದೆ. “ಊರಲ್ಲಿ ಮಳೆ. ಬೂಷ್ಟು ಬರ್ತದೆ. ನಿನ್ ಹತ್ರ ಆದ್ರೆ ಎಸಿ ಉಂಟಲ್ಲ,” ಎಂದರು. ನನ್ನ ಮುಖದ ಮೇಲೆ ಅವರ ಕಣ್ಣು ಎಷ್ಟು ಹೊತ್ತು ನಿಂತಿತೆಂದು ಅಳೆಯಲು ಆಗ ನನಗೆ ಧೈರ್ಯವಿರಲಿಲ್ಲ. ಈಗ ಅಳೆದರೆ ಒಂದೊಂದು ಸಲ ಒಂದೊಂದು ಉದ್ದ ಬರುತ್ತದೆ.

ಆಮೇಲೆ ಒಂದು ಹಾಳೆ ಕೊಟ್ಟರು. ಟ್ರಾನ್ಸ್‌ಮಿಟಲ್, ಅವರ ಆಫೀಸಿನಲ್ಲಿ ಕಾಗದ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಜತೆಗೆ ಹೋಗುವ ಪಟ್ಟಿ. ಕ್ರಮಸಂಖ್ಯೆ, ಟೇಪಿನ ಹೆಸರು, ರಿವಿಷನ್, ಸ್ಥಿತಿ. ಎಲ್ಲವೂ ಅವರ ಕೈಬರಹ. ರೆವ್ ಸಿ ಎದುರಿನ ಸ್ಥಿತಿಯ ಅಂಕಣದಲ್ಲಿ ಉಳಿದವುಗಳ ಹಾಗೆಯೇ ‘ಗುಡ್’ ಎಂದಿತ್ತು. ಪಟ್ಟಿಯನ್ನು ಅವರು ಯಾವಾಗ ತಯಾರಿಸಿದ್ದರೆಂದು ತಿಳಿಯುವಂತಿರಲಿಲ್ಲ. ಜೂನ್‌ನಲ್ಲಿ ಹೊರಡುವ ಮುಂಚೆ ಬರೆದಿಟ್ಟದ್ದೋ, ಈಗ ಬಂದ ಮೇಲೆ ಒಂದೊಂದನ್ನೂ ತೆರೆದು ನೋಡಿ ಬರೆದದ್ದೋ? ತಾರೀಕಿನ ಜಾಗ ಖಾಲಿ ಇತ್ತು. ಅದನ್ನು ತುಂಬುವುದು ಪಡೆದುಕೊಂಡವರ ಕೆಲಸ. ತುಂಬಿದೆ, ಸಹಿ ಹಾಕಿದೆ. ಅವರು ಒಂದು ಪ್ರತಿ ಮಡಚಿ ಜೇಬಿಗೆ ಹಾಕಿಕೊಂಡರು.

ಈಗ ಟೇಪುಗಳು ನನ್ನ ಮನೆಯಲ್ಲಿವೆ, ಅದೇ ಗೋಡೆಯ ಹತ್ತಿರ, ಒಂದು ಮಹಡಿ ಕೆಳಗೆ. ಎಸಿ ನಿಲ್ಲುವುದಿಲ್ಲ. ಕರೆಂಟು ಕಣ್ಣು ಮಿಟುಕಿಸಿದರೂ ಆಫೀಸಿನಿಂದ ಮಗಳಿಗೆ ಫೋನು ಮಾಡಿ ನೋಡಿಸುತ್ತೇನೆ. ಲೀವ್‌ಗೆ ಊರಿಗೆ ಹೋಗಬೇಕೆಂದರೆ ಕೀಲಿಯನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಎರಡು ವರ್ಷ ಹೋಗಿಲ್ಲ. ರೆವ್ ಸಿಯ ಚೀಲ ತೆರೆದು ನೋಡಿದರೆ ಅವರು ಅದನ್ನು ಮುಟ್ಟಿದ್ದರೋ, ಒರೆಸಿದ್ದರೋ ತಿಳಿಯಬಹುದು. ತೆರೆದಿಲ್ಲ.

ಊರಿನಿಂದ ಬಾಯಮ್ಮ ಆಗಾಗ ಫೋನು ಮಾಡುತ್ತಾರೆ. ಪೊರ್ಬುಲು ಚೆನ್ನಾಗಿದ್ದಾರೆ, ಹೂವಿನ ಗಿಡಗಳಿಗೆ ನಂಬರು ಹಾಕುತ್ತಾರೆ ಎನ್ನುತ್ತಾರೆ. ಆಪರೇಷನ್ನಿಗೆ ಮೊದಲು ಕೇಳುವಾಗ ಹಾಡಿನ ಯಾವ ಜಾಗದಲ್ಲಿ ನಕ್ಕರು ಎಂದು ಒಮ್ಮೆ ಕೇಳಿದೆ. ಬಾಯಮ್ಮನಿಗೆ ನೆನಪಿಲ್ಲ. ನಕ್ಕದ್ದು ಹೌದಾ ಎಂದು ಕೇಳಿದ್ದಕ್ಕೆ, “ನಾನು ಹಾಗೆ ಹೇಳಿದ್ದೆನಾ?” ಎಂದರು.

ಮೇನ್ ಎಳೆದದ್ದು ನಾನೋ ಅಲ್ಲವೋ ನನಗೆ ಗೊತ್ತಿಲ್ಲ. ಅವರು ಅಂದು ಕೇಳಿದ್ದು ರೆವ್ ಸಿ ಅಲ್ಲವೆಂದು ಅವರಿಗೆ ತಿಳಿಯಿತೋ ಇಲ್ಲವೋ, ಅದೂ ಗೊತ್ತಿಲ್ಲ.